ಕಾಗೆಗೆ ಕೊಟ್ಟ ಮಾತು

ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ನಮ್ಮ ಕುಡಾಳದ ಕಡೆ ರಾತ್ರಿ ಗದ್ದೆಯ ಬದುವಿನ ಮೇಲೆ ಒಬ್ಬರೇ ನಡೆಯುವಾಗ ಯಾರಾದರೂ ಹೆಸರು ಹಿಡಿದು ಕರೆದರೆ, ಮೂರನೇ ಕರೆಯ ತನಕ ಓಗೊಡುವುದಿಲ್ಲ. ದೆವ್ವಕ್ಕೆ ಮೂರು ಸಲ ಕರೆಯಲು ಬರುವುದಿಲ್ಲವಂತೆ. ಇದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ನನ್ನ ಚಿಕ್ಕಮ್ಮನ ಮಗ ದಿಗಂಬರ, ನಲವತ್ತೆಂಟು ವರ್ಷದ ಗಂಡಸು, ಊಟ ಮುಗಿಸಿ ಮನೆಗೆ ಬರುವಾಗ ಆಲದ ಮರ ದಾಟಿ ಬಾವಿಯ ಹತ್ತಿರ ಮೊದಲನೇ ಕರೆಗೇ "ಹೂಂ" ಅಂದುಬಿಟ್ಟ.

ನಗಬೇಡಿ. ಯಾಕೆ ಅಂದ, ಕೇಳಿ.

ಅವನ ಜೀವದ ಗೆಳೆಯ ಮೋರೇಶ್ವರ. ನಾವೆಲ್ಲ ಮೋರೂ ಅನ್ನುತ್ತಿದ್ದೆವು. ತನ್ನ ಹೊಲದ ನಡುವೆ ನಾಲ್ಕು ಕಂಬ ನೆಟ್ಟು, ಹೆಂಚು ಹೊದಿಸಿ, ಊಟದ ಮನೆ ಇಟ್ಟಿದ್ದ. ಒಲೆ ಅವನ ಹೆಂಡತಿ ಸುಲಭಾ ಅವರದು; ನಮಗೆಲ್ಲ ಅವರು ವೈನಿ, ಅಂದರೆ ಅತ್ತಿಗೆ. ಅಲ್ಲೇ ಬೆಳೆದ ಅಕ್ಕಿಯ ರೊಟ್ಟಿ, ಅಲ್ಲೇ ಕಿತ್ತ ಬದನೆ, ಅಲ್ಲೇ ಕೆಡವಿದ ಕಾಯಿ. ಪುಣೆಯವರು, ಮುಂಬಯಿಯವರು ಹುಡುಕಿಕೊಂಡು ಬಂದು ನೆಲದ ಮೇಲೆ ಕೂತು ಬೆರಳು ನೆಕ್ಕುತ್ತಿದ್ದರು. ನೀರು ಮಾತ್ರ ದಿಗಂಬರನ ಬಾವಿಯದು. ಮೋರೂನ ಹೊಲದಲ್ಲಿ ಎಲ್ಲಿ ಅಗೆದರೂ ಬರೀ ಬಂಡೆ.

ಹೋದ ವರ್ಷ ಮೋರೂ ಜ್ವರದಲ್ಲಿ ತೀರಿಕೊಂಡ. ಹತ್ತನೇ ದಿನ ಪಿಂಡ ಇಟ್ಟರೆ ಕಾಗೆ ಮುಟ್ಟಲಿಲ್ಲ. ಕೊಂಬೆಯ ಮೇಲೆ ಕೂತಿತ್ತು, ನೋಡುತ್ತಿತ್ತು, ಇಳಿಯಲೊಲ್ಲದು. ಮಗಳನ್ನು ಓದಿಸುತ್ತೇವೆ ಅಂದರು. ದನ ಮಾರುವುದಿಲ್ಲ ಅಂದರು. ಊಹೂಂ. ಕೊನೆಗೆ ದಿಗಂಬರ ಎದ್ದು ಕೈಮುಗಿದ.

"ಮೋರೂ, ಬಾವಿ ನಿನ್ನ ಅಡಿಗಿಮನೀದು. ನಾ ಇರೂತನಕ ವೈನಿಗೆ ನೀರ ತಪ್ಪಂಗಿಲ್ಲ. ತಿನ್ನಪಾ."

ಕಾಗೆ ಪಟಪಟ ಇಳಿದು ಬಂತು. ನಾನು ಅಲ್ಲೇ ಇದ್ದೆ.

ಈ ಮಾಘದಲ್ಲಿ ಅದೇ ದಿಗಂಬರ ಬಾವಿ ಸಮೇತ ಜಮೀನು ಮಾರಲು ಒಪ್ಪಿದ. ಕೊಳ್ಳುವವನು ಮುಂಬಯಿಯವ, ಸುತ್ತ ಗೋಡೆ ಎತ್ತುತ್ತಾನಂತೆ. ಮಾರನೇ ದಿನ ಹತ್ತು ಗಂಟೆಗೆ ಸಹಿ. ಸುಲಭಾ ವೈನಿಗೆ ಅದರ ಗಂಧವೂ ಇಲ್ಲ. ನೀರು ನಿಂತರೆ ಒಲೆಯೂ ನಿಂತಂತೆ. ಇವತ್ತು ಊಟಕ್ಕೆ ಹೋಗಿ ಹೇಳಿಬಿಡುತ್ತೇನೆ ಅಂತ ಇವನು ಗೆಳೆಯ ಇನಾಸನನ್ನು ಕರೆದುಕೊಂಡು ಹೋದ. ಒಬ್ಬನೇ ಹೋಗಲು ಮುಖ ಬೇಕಲ್ಲ!

ಅವತ್ತು ಸಂಜೆಯೇ ಕರೆಂಟು ಹೋಗಿತ್ತು. ಲಾಟೀನು ಹಚ್ಚಿದ್ದರು. ವೈನಿ ಹುರುಳಿ ಹಿಟ್ಟು ಕುದಿಸಿದ ಪಿಠಲೆ ಬಡಿಸಿದರು, ಬಂಗುಡೆ ಸಾರು ಬಡಿಸಿದರು. ದಿಗಂಬರ ತುತ್ತು ಕಲಸುತ್ತಲೇ ಇದ್ದ.

ಇನಾಸ ಪಿಸುಗುಟ್ಟಿದ: "ನೀ ಹೇಳ್ತೀಯೋ, ನಾ ಹೇಳ್ಲ್ಯೋ?"

"ಸುಮ್ನಿರೋ. ಊಟ ಆಗ್ಲಿ."

"ಕಾಗಿ ಮುಂದ ಭಾರೀ ಬಾಯಿ ಇತ್ತಲ್ಲೋ ನಿಂದು!"

ಅಷ್ಟರಲ್ಲಿ ವೈನಿ ಬಂದರು. "ಏನ ಗುಸುಗುಸು? ಬದನೀಕಾಯಿ ಹಾಕ್ಕೋರಿ ಭಾವೋಜಿ. ನಿಮ್ಮ ಬಾವಿ ನೀರಾಗ ಬೆಳದದ್ದು, ನಿಮಗ ಬ್ಯಾಡಂದ್ರ ಹೆಂಗ?"

ದಿಗಂಬರ ಬದನೆಕಾಯಿ ಬದಿಗೆ ಸರಿಸಿ ಎದ್ದ. ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ, "ಹೋಗ್ತೀನಿ ವೈನಿ" ಅಂದ.

"ಅಯ್ಯ, ಬರ್ತೀನಿ ಅನ್ರಿ!"

ಅದನ್ನೂ ಅನ್ನಲಿಲ್ಲ ಆ ಪುಣ್ಯಾತ್ಮ. ಇನಾಸನ ಮನೆ ರಸ್ತೆಯ ಕಡೆ. ಇವನು ಒಬ್ಬನೇ ಬದು ಹಿಡಿದ.

ಆಲದ ಮರ ದಾಟಿದ. ಬಾವಿ ಕಂಡಿತು. ಆಗ...

ಕೀಂಯ್... ಕಿರ್... ಕೀಂಯ್...

ರಾಟೆಯ ಸದ್ದು. ಪಂಪು ಕೂರಿಸಿ ಹನ್ನೊಂದು ವರ್ಷ ಆಯ್ತು. ರಾಟೆ ತುಕ್ಕು ಹಿಡಿದು ಕೂತಿದೆ, ಅದಕ್ಕೆ ಹಗ್ಗವೇ ಇಲ್ಲ. ಆಮೇಲೆ ಕೆಳಗಿನಿಂದ ಧಬ್ ಅಂತ ಕೊಡ ನೀರಿಗೆ ಬಿದ್ದ ಸದ್ದು. ಗುಳುಗುಳು ತುಂಬಿದ ಸದ್ದು. ನಂತರ ಪಿಸುದನಿ... ಕಿವಿಯ ಹತ್ತಿರವೇ.

"ದಿಗೂ... ಒಂದ ಕೈ ಹಚ್ಚೋ."

ಮೂವತ್ತು ವರ್ಷ ಕೇಳಿದ ದನಿ. ಬುದ್ಧಿಗಿಂತ ಮೊದಲು ಬಾಯಿ ಅಂದಿತು: "ಹೂಂ."

ಅಷ್ಟೇ. ಸದ್ದೆಲ್ಲ ನಿಂತಿತು. ಜೀರುಂಡೆ ಕೂಡ. ಇವನು ಸರಸರ ಮನೆಯತ್ತ ನಡೆದ. ಹತ್ತು ನಿಮಿಷದ ದಾರಿ. ನಡೆದ... ನಡೆದ... ಎದುರಿಗೆ ಆಲದ ಮರ. ದಾಟಿದರೆ ಬಾವಿ. ಮತ್ತೆ ನಡೆದ. ಮತ್ತೆ ಆಲದ ಮರ, ಮತ್ತೆ ಬಾವಿ. ನಮ್ಮಲ್ಲಿ ಇದಕ್ಕೆ ಚಕವಾ ಹಿಡಿಯೋದು ಅನ್ನುತ್ತಾರೆ. ಅಂಗಿ ಬಿಚ್ಚಿ ಮಗುಚಿ ಹಾಕಿಕೊಂಡರೆ ಬಿಡುತ್ತದಂತೆ. ಹಾಕಿಕೊಂಡ. ಬಿಡಲಿಲ್ಲ. ಮನೆಯ ದೀಪ ಕಾಣುತ್ತದೆ, ಆದರೆ ಹತ್ತಿರ ಬರುವುದಿಲ್ಲ. ಕಾಲು ನಿಲ್ಲಿಸೋಣವೆಂದರೆ ಕಾಲು ಮಾತು ಕೇಳುವುದಿಲ್ಲ. ಏಳು ಸುತ್ತಿನ ತನಕ ಎಣಿಸಿದನಂತೆ. ಆಮೇಲೆ ಅಳುತ್ತ ನಡೆದನಂತೆ.

ಬೆಳಗಿನ ಜಾವ ಹಾಲು ತರಲು ಹೊರಟ ಇನಾಸ ನೋಡಿದರೆ ಇವನು ಬಾವಿಕಟ್ಟೆಗೆ ಒರಗಿ ಕೂತಿದ್ದ. ಅಂಗಿ ಮಗುಚಿತ್ತು. ಎರಡೂ ಅಂಗೈಯಲ್ಲಿ ಬೊಬ್ಬೆ, ಹಗ್ಗ ಜಗ್ಗಿದ ಹಾಗೆ.

"ಎಲ್ಲಿದ್ದ್ಯೋ ರಾತ್ರಿಯೆಲ್ಲಾ?"

"ನಡೀತಿದ್ನೋ... ಬರೇ ನಡೀತಿದ್ನಿ."

ಅಷ್ಟರಲ್ಲಿ ವೈನಿಯ ಕೂಗು. ಇಬ್ಬರೂ ಓಡಿದರು. ನನ್ನ ಮನೆ ಬೇಲಿಯಾಚೆಯೇ, ನಾನೂ ಓಡಿದೆ. ಅಡಿಗೆಮನೆಯ ಕೊಡ, ಬಿಂದಿಗೆ, ಬಕೀಟು, ಸಾರಿನ ಪಾತ್ರೆ, ಲೋಟ ಕೂಡ... ಎಲ್ಲಾ ಕಂಠಮಟ್ಟ ನೀರು. ಕರೆಂಟು ಇನ್ನೂ ಬಂದಿರಲಿಲ್ಲ.

"ಭಾವೋಜಿ, ನೀವ ತುಂಬಿದ್ರೇನು?"

ದಿಗಂಬರ ತನ್ನ ಅಂಗೈ ನೋಡಿಕೊಂಡ. ಆಮೇಲೆ ಅಲ್ಲೇ ಕುಸಿದು ಕೂತು ಎಲ್ಲಾ ಹೇಳಿದ, ಸಹಿಯ ವಿಷಯವನ್ನೂ. ವೈನಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಹತ್ತು ಗಂಟೆಗೆ ಅವನು ಎಲ್ಲಿಗೂ ಹೋಗಲಿಲ್ಲ. ಬಾವಿ ಇವತ್ತಿಗೂ ಅವನದೇ, ನೀರು ಇವತ್ತಿಗೂ ವೈನಿಯದೇ.

ನಿದ್ದೆಗಣ್ಣಲ್ಲಿ ದಿಗಂಬರನೇ ಸೇದಿ ತುಂಬಿದ ಅನ್ನುತ್ತೀರಿ. ಅನ್ನಿ, ಊಟಕ್ಕೆ ಬಂದ ಪುಣೆಯ ಡಾಕ್ಟರೊಬ್ಬರೂ ಹಾಗೇ ಅಂದರು. ಹಗ್ಗ ಎಲ್ಲಿಂದ ಬಂತು ಅಂತ ನಾನು ಕೇಳುವುದಿಲ್ಲ. ಆದರೆ ಅಂಗಳದಲ್ಲಿ ಮಗುಚಿ ಹಾಕಿದ್ದ ತಾಮ್ರದ ದೊಡ್ಡ ಹಂಡೆ ಆ ಬೆಳಿಗ್ಗೆ ಒಲೆಯ ಮೇಲಿತ್ತು, ತುಂಬಿತ್ತು, ಕೆಳಗೆ ಒಂದು ಹನಿ ಚೆಲ್ಲಿರಲಿಲ್ಲ. ನಾನೇ ಕೈ ಅದ್ದಿ ನೋಡಿದ್ದೇನೆ. ಖಾಲಿ ಇದ್ದರೂ ಆ ಹಂಡೆಯನ್ನು ಒಬ್ಬರಿಂದ ಎತ್ತಲು ಆಗುವುದಿಲ್ಲ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿಯಬೇಕು.