ತೊಂಬತ್ಮೂರರ ದರ

ಎರಡು ಸಾವಿರದ ಆರರ ಬೇಸಿಗೆ. ಪುಣೆಯಲ್ಲಿ ಕರೆಂಟ್ ಬಿಲ್ ತುಂಬುವ ಕಚೇರಿಯಲ್ಲೇ ಕರೆಂಟ್ ಹೋಗಿ, ನಮ್ಮ ಸಾಲು ನಿಂತಲ್ಲೇ ನಿಂತಿತ್ತು. ನನ್ನ ಮುಂದೆ ಒಬ್ಬ ಹಿರಿಯರು, ಒಬ್ಬ ಹೆಂಗಸು. ಸರ್ಕಾರಿ ಅಂಕಿಸಂಖ್ಯೆ ಕಚೇರಿಯಿಂದ ಅವರು ನಿವೃತ್ತರು, ಆಕೆ ಇನ್ನೂ ಅಲ್ಲೇ ಇರುವವಳು ಎಂದು ಅವರ ಕನ್ನಡ ಮಾತಿನಿಂದಲೇ ತಿಳಿಯಿತು.

“ಬಿಲ್ ಏರೇದ, ಕರೆಂಟ್ ಇಲ್ಲ. ರಾಜ್ಯದ ಉತ್ಪನ್ನ ಹೆಚ್ಚಾತು ಅಂತ ಬರದೀರೇನು, ಪ್ರಮೀಳಾ?”

“ಇಲ್ರಿ ಸರ. ದರ ಏರಿದ್ರ ಬೆಳಕ ಏರಿಧಂಗಲ್ಲ ಅಂತ ನೀವ ಕಲಿಸೀರಲ್ರಿ. ಈಗಿನ ಕರೆಂಟಿಗೆ ಒಂದ ಹಳೇ ವರ್ಷದ ದರಾನ ಹಚ್ಚಿ ನೋಡತೀವ್ರಿ.”

“ತೊಂಬತ್ಮೂರರ ದರ. ಹೊರಗ ವರ್ಷ ಸರದು ಹೋಗತಿದ್ವು. ಆಫೀಸಿನಾಗ ಮಾತ್ರ ನನಗ ದಿನಾ ಅದ ವರ್ಷ.”

“ಆವಾಗ ಅಕ್ಕಾರು ನಿಮ್ಮ ಡಬ್ಬ್ಯಾಗ ನಮಗೆಲ್ಲಾ ಶೇಂಗಾ ಹೋಳಿಗಿ ಕಳಸತಿದ್ರು.”

“ಹೆಂಡತಿ ಇದ್ದ ವರ್ಷ ಅದು. ಭಾಳ ಚಲೋ ವರ್ಷ.”



“ಸರ, ಆ ವರ್ಷ ಈಗ ಲೆಕ್ಕದಿಂದ ತಗದಾರ್ರಿ. ಇನ್ನ ಮ್ಯಾಲೆ ಎಲ್ಲಾ ತೊಂಬತ್ತೊಂಬತ್ತರ ದರದಾಗ ಹಾಕಬೇಕಂತ.”

“ತೊಂಬತ್ತೊಂಬತ್ತ?”

“ಹೌದ್ರಿ.”

“ಅಷ್ಟೊತ್ತಿಗೆ ಆಕಿ ತೀರಿಕೊಂಡಿದ್ಲಲ್ಲವಾ.”

ಕರೆಂಟ್ ಬಂತು. ತಲೆಯ ಮೇಲಿನ ಫ್ಯಾನು ಕಿರ್ ಎಂದು ತಿರುಗಿತು. ಸಾಲು ಹೊರಟಿತು.

“ಬರ್ರಿ ಸರ, ಮುಂದ ಹೋಗೂಣು.”

“ನೀ ಹೋಗವಾ. ನಾ ಇಲ್ಲೇ ಇನ್ನೊಂದೀಟು ನಿಂದರತೀನಿ.”