ಮುಖ ಮಾತ್ರ ಮಸುಕು

ಹೇಳ್ತೀನಿ, ಆದ್ರೆ ನಡುವೆ ಯಾರೂ ನಗಬಾರದು. ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆಗಿದ್ದು. ಫೋಟೋ ತಿದ್ದೋದು ಅವಳ ಕಸುಬು. ಅವತ್ತು ಕತ್ತಲಾದ ಮೇಲೆ ಒಬ್ಬಳೇ ಮನೆಗೆ ಬರ್ತಿದ್ದಳು. ತಿರುವಿನಲ್ಲಿ ಒಂದು ಪಾಳುಬಾವಿ. ಅದನ್ನ ದಾಟುವಾಗ ಹಿಂದಿನಿಂದ ಕೇಳಿಸ್ತು... 'ಚ್ಚ್... ಚ್ಚ್...' ನಾಲಿಗೆ ಲೊಚಗುಟ್ಟೋ ಸದ್ದು. ತಿರುಗಿದರೆ ಯಾರೂ ಇಲ್ಲ.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಮೊದಲು ಕೆಲಸಕ್ಕಿದ್ದ ಸ್ಟುಡಿಯೋದ ಯಜಮಾನ ಹೀಗೇ ಬೆವರುಗೈಯನ್ನ ಕುರ್ಚಿ ಬೆನ್ನಿಗೆ ಊರಿ, ಹೆಗಲ ಮೇಲೆ ಬಗ್ಗಿ ನೋಡೋನು, ತಪ್ಪು ಕಂಡಾಗೆಲ್ಲ ಲೊಚಗುಟ್ಟೋನು. ಬಾಯಿ ತೆಗೆದರೆ ಬೈಗುಳ. ತಡೆಯೋಕಾಗದೆ ಬಿಟ್ಟು ಬಂದು, ಮನೆಯಲ್ಲೇ ಹೊಸ ಕಂಪ್ಯೂಟರ್ ಇಟ್ಟು ಕೆಲಸ ಶುರು ಮಾಡಿದಳು. ಅವನ ಗಿರಾಕಿಗಳೂ ಇವಳ ಹಿಂದೇ ಬಂದರು. ಅವನು ಇದೇ ಬಾವಿ ಹತ್ತಿರ ಅಡ್ಡಗಟ್ಟಿ, "ನೀನು ತಿದ್ದಿದ ಒಂದು ಮುಖವೂ ಉಳಿಯಲ್ಲ, ನೋಡ್ತಿರು" ಅಂದಿದ್ದ. ಆಮೇಲೆ ಸ್ವಲ್ಪ ದಿನಕ್ಕೇ ಮಲಗಿದಲ್ಲೇ ಹೋಗಿಬಿಟ್ಟ.

ಆ ಸದ್ದು ಕೇಳಿದ ದಿನವೇ ಅವನ ಹೆಂಡತಿ ಇವಳನ್ನ ಕರೆಸಿ, ಗೋಡೆಗೆ ಹಾಕೋಕೆ ಚೆನ್ನಾಗಿ ತಿದ್ದಿಕೊಡು ಅಂತ ಅವನ ಫೋಟೋ ಕೊಟ್ಟಿದ್ದಳು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಮನೆಗೆ ಬಂದು ಫೋಟೋನ ಕಂಪ್ಯೂಟರ್‌ಗೆ ಹಾಕಿ ತೆರೆದಳು. ಎಲ್ಲ ಸ್ಪಷ್ಟವಾಗೇ ಇತ್ತು. ಮುಖ ತಿದ್ದೋಕೆ ಕೈ ಹಚ್ಚಿದ್ದೇ ತಡ... ಮುಖ ಮಾತ್ರ ಮಸುಕಾಯ್ತು. ಅಂಗಿ ಗುಂಡಿಯ ದಾರ ಸಹ ಕಾಣುತ್ತೆ, ಮುಖ ಕಾಣಲ್ಲ.

ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ರೆಸಲ್ಯೂಷನ್ ಬದಲಿಸಿದಳು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದಳು. ಅದೇ ಕತೆ. ಸಿಟ್ಟು ನೆತ್ತಿಗೇರಿತು. ಕಂಪ್ಯೂಟರ್ ಬಂದಿದ್ದು ಅವಳ ತಮ್ಮ ಕೆಲಸ ಮಾಡೋ ಅಂಗಡಿಯಿಂದ. ಹೋಗಿ ಅವನನ್ನ ಎಬ್ಬಿಸಿದಳು. ಪಕ್ಕದ ಕೋಣೆಯಲ್ಲಿ ದೊಡ್ಡಮ್ಮ ಮಲಗಿದ್ದರು. ಹಾಗಾಗಿ ಜಗಳವೂ ಪಿಸುದನಿಯಲ್ಲೇ.

"ಎಂಥ ಡಬ್ಬಾ ತಂದು ಹಾಕಿದೀಯೋ!"

"ಸ್ಕ್ರೀನಿನ ಡ್ರೈವರ್ ಸಾಫ್ಟ್‌ವೇರ್ ಹಾಕಿದೀಯಾ?"

"ಹಾಕಿದೀನಿ ಕಣೋ."

"ಹಂಗಾದ್ರೆ ಬೇರೆ ಫೋಟೋ ತೆಗಿ."

ತೆಗೆದಳು. ಮೊನ್ನೆ ತಾನೇ ತಿದ್ದಿ ಮುಗಿಸಿದ್ದ ಮದುವೆ ಫೋಟೋ. ಹೂವಿನ ಎಸಳು ಎಸಳೂ ಕಾಣ್ತಿತ್ತು. ಗಂಡು ಹೆಣ್ಣಿನ ಮುಖ ಮಾತ್ರ... ಯಾರೋ ಹೆಬ್ಬೆರಳಲ್ಲಿ ಉಜ್ಜಿದ ಹಾಗೆ. ಇನ್ನೊಂದು ತೆಗೆದಳು. ಮತ್ತೊಂದು. ಅವಳು ತಿದ್ದಿದ ಮುಖ ಒಂದೂ ಉಳಿದಿರಲಿಲ್ಲ.

ತಮ್ಮ ಹಳೇ ಮಾನಿಟರ್ ತಂದು ಜೋಡಿಸಿದ. ಅದರಲ್ಲೂ ಅದೇ.

"ಅಕ್ಕಾ... ಇದು ಸ್ಕ್ರೀನ್ ತೊಂದರೆ ಅಲ್ಲ ಕಣೇ."

'ಟಪ್' ಅಂತ ಸ್ಕ್ರೀನ್ ಆರಿತು. ಕಪ್ಪು ಗಾಜಿನಲ್ಲಿ ಅವಳ ಮುಖ. ಪಕ್ಕದಲ್ಲಿ ತಮ್ಮನದು. ನಡುವೆ... ಇನ್ನೊಂದು. ಅವಳ ಹೆಗಲ ಮೇಲೆ ಬಗ್ಗಿತ್ತು. ಕಿವಿ ಪಕ್ಕದಲ್ಲೇ 'ಚ್ಚ್...'

"ಹಿಂದೆ ನೋಡಬೇಡ," ಅಂದ ತಮ್ಮ.

ಅವಳಿಗೆ ಹೆದರಿಕೆಗಿಂತ ರೋಷವೇ ಜಾಸ್ತಿ ಆಯ್ತು ನೋಡಿ. ಹಲ್ಲು ಕಚ್ಚಿ ಹೇಳಿದಳು, "ನಿಮ್ಮ ಗಿರಾಕಿಗಳನ್ನ ನಾನು ಕರೀಲಿಲ್ಲ. ನಿಮ್ಮ ಬಾಯಿಗೆ ಬೇಸತ್ತು ಅವರೇ ಬಂದ್ರು. ಸತ್ತ ಮೇಲೂ ಅದೇ ಬುದ್ಧಿಯಾ?"

ಲೊಚಗುಟ್ಟೋದು ನಿಂತಿತು. ಆಮೇಲೆ... 'ಕರ್ರ್... ಕರ್ರ್...' ಹಲ್ಲು ಮಸೆಯೋ ಸದ್ದು. ಅವಳು ಕೈ ಚಾಚಿ ಪ್ಲಗ್ ಕಿತ್ತೇಬಿಟ್ಟಳು.

ಕಿತ್ತ ಮೇಲೆ ಸ್ಕ್ರೀನ್ ಹತ್ತಿಕೊಂಡಿತು. ಸ್ಕ್ರೀನ್ ತುಂಬ ಅವನ ಮುಖ. ಹುಬ್ಬಿನ ಕೂದಲು ಕೂದಲೂ ಸ್ಪಷ್ಟ. ಅವಳನ್ನೇ ನುಂಗೋ ಹಾಗೆ ದುರುಗುಟ್ಟಿ ನೋಡ್ತಿತ್ತು. ಆಮೇಲೆ ನಿಧಾನಕ್ಕೆ ಆರಿತು.

ಬೆಳಗಾಗೋದನ್ನೇ ಕಾದಿದ್ದು, ಫೋಟೋ ವಾಪಸ್ ಕೊಟ್ಟು ಬಂದಳು. ಕಂಪ್ಯೂಟರ್‌ನ ತಮ್ಮ ಅಂಗಡಿಗೆ ಹೊತ್ತೊಯ್ದ. ಅಲ್ಲಿ ಅದಕ್ಕೆ ಯಾವ ರೋಗವೂ ಇಲ್ಲವಂತೆ. ಇವಳು ಮುಖ ತಿದ್ದೋದನ್ನೇ ಬಿಟ್ಟಳು. ಈಗ ಅಂಗಡಿಗಳಿಗೆ ಬೋರ್ಡು ಬರೀತಾಳೆ.

ಅವತ್ತು ಕೂತಿದ್ದ ಕುರ್ಚಿ ಹಿತ್ತಿಲಲ್ಲಿ ಬಿದ್ದಿದೆ. ಅದರ ಬೆನ್ನಿನ ಬಟ್ಟೆ ಮೇಲೆ ಎರಡು ಅಂಗೈ ಗುರುತು, ಒದ್ದೆ. ಎಷ್ಟು ಬಿಸಿಲಿಗೆ ಹಾಕಿದರೂ ಒಣಗಿಲ್ಲ. ಸುಳ್ಳಲ್ಲ... ನಾನೇ ಮುಟ್ಟಿ ನೋಡಿದೀನಿ.