ಹದಿನೇಳನೆಯ ಹೆಸರು

...ಇಲ್ಲ ಪಾಸ್ಟರಮ್ಮ, ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಇವತ್ತೂ ಹೇಳ್ತೇನೆ. ಆ ಹೆಸರು ಬಿಡೋ ಮಾತೇ ಇಲ್ಲ. ಚರ್ಚಿನ ಗೋಡೆಯ ಕಲ್ಲಿನ ಮೇಲೆ ಹದಿನೇಳು ಹೆಸರಿದೆ, ಈ ಭಾನುವಾರವೂ ಹದಿನೇಳನ್ನೇ ಓದ್ತೇನೆ. ನವೆಂಬರಿನ ಆ ಒಂದು ಭಾನುವಾರ, ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಹೆಸರು ಓದೋನು ಮೂವತ್ತು ವರ್ಷದಿಂದ ನಾನೇ. ನೀವು ಬಂದು ಎರಡು ವರ್ಷ ಆಯ್ತು, ಅಷ್ಟೆ... ಕೂತ್ಕೊಳ್ಳಿ. ಕಾಫಿ ಆರ್ತಾ ಇದೆ. ನನ್ನ ಹೆಂಡತಿ ಲೋರೆ ಬೆಳಿಗ್ಗೆಯೇ ಎದ್ದು ಜಡೆಯ ಹಾಗೆ ಹೆಣೆದ ಸಿಹಿ ರೊಟ್ಟಿ ಮಾಡಿದ್ದಾಳೆ, ನಿಮಗೋಸ್ಕರವೇ.

ಏನದು, ತೊಡೆ ಮೇಲೆ ಇಟ್ಕೊಂಡಿರೋದು? ಇರಲಿ, ಆಮೇಲೆ ನೋಡೋಣ.

ಊರಿನ ಪುಸ್ತಕಕ್ಕೆ ಒಬ್ಬೊಬ್ಬರ ಮೇಲೂ ಒಂದೊಂದು ಪುಟ ಬೇಕು ಅಂದ್ರಿ. ಬರೆದುಕೊಟ್ಟೆ. ಹದಿನೇಳನೆಯವರಾದ ನನ್ನ ಸ್ವಂತ ಅಜ್ಜ, ಲೆಫ್ಟಿನೆಂಟ್ ಗಾಟ್‌ಹಿಲ್ಫ್ ರಾಪ್, ಅವರಿಗೆ ಮಾತ್ರ ಒಂದೇ ಸಾಲು ಯಾಕೆ ಅಂತ ಕೇಳ್ತೀರಿ. ಕಾಗದ ಇದ್ದರೆ ತಾನೆ ಬರೆಯೋದು? ಎರಡನೇ ಯುದ್ಧದಲ್ಲಿ ಪಾಟ್ಸ್‌ಡ್ಯಾಮಿನ ಮೇಲೆ ಬಾಂಬು ಬಿತ್ತು, ಕೈಸರನ ಸೈನ್ಯದ ಅಧಿಕಾರಿಗಳ ಕಡತವೆಲ್ಲ ಬೂದಿ ಆಯ್ತು. ಇದು ಲೋಕಕ್ಕೇ ಗೊತ್ತಿರೋ ಸಂಗತಿ.

ಯಾಕೆ ನಗ್ತೀರಿ?

ಆ ಕಪಾಟು ನೋಡಿ. ನಲವತ್ತೊಂದು ರೆಜಿಮೆಂಟುಗಳ ಚರಿತ್ರೆ. ಸಂತೆಯಲ್ಲಿ ಹುಡುಕಿದ್ದು, ವಿಧವೆಯರ ಮನೆ ಬಾಗಿಲು ತಟ್ಟಿ ತಂದದ್ದು. ಒಂದು ಹಳೇ ಫೋಟೋ ಕೊಡಿ, ಭುಜಪಟ್ಟಿ ನೋಡಿ ಯಾವ ರೆಜಿಮೆಂಟು, ಯಾವ ವರ್ಷ ಅಂತ ಹೇಳಿಬಿಡ್ತೇನೆ. ಸ್ಟುಟ್‌ಗಾರ್ಟಿನ ಪ್ರೊಫೆಸರರೂ ನನಗೆ ಕಾಗದ ಬರೆದು ಕೇಳಿದ್ದುಂಟು.

ಹೌದು, ಅಜ್ಜನ ರೆಜಿಮೆಂಟಿನ ಪುಸ್ತಕದಲ್ಲಿ ಮಡಿದ ಅಧಿಕಾರಿಗಳ ಪಟ್ಟಿ ಇದೆ. ಹೌದು, ಅದರಲ್ಲಿ ಅಜ್ಜನ ಹೆಸರಿಲ್ಲ. ಅದಕ್ಕೇನೀಗ? ಬರೆದೋನು ನಿವೃತ್ತ ಮೇಜರ್. ಹೆಸರಿನ ನಡುವೆ 'ಫಾನ್' ಅಂತ ದೊಡ್ಡಮನೆತನದ ಗುರುತು ಇದ್ದೋನು. ಶಾಲೆ ಮೇಷ್ಟ್ರುಗಿರಿ ಬಿಟ್ಟು ಯುದ್ಧಕ್ಕೆ ಹೋದ ಲೆಫ್ಟಿನೆಂಟು ಅವನ ಕಣ್ಣಿಗೆ ಎಲ್ಲಿ ಕಂಡಾನು? ಫ್ಲಾಂಡರ್ಸ್ ರಣರಂಗದ ಕೆಸರು ಅವರನ್ನ ನುಂಗಿತು. ಅಜ್ಜಿ ಹಾಗೇ ಹೇಳ್ತಿದ್ದಳು. ತವರಾದ ಈ ಊರಿಗೆ ಕಪ್ಪು ಬಟ್ಟೆಯಲ್ಲಿ ಬಂದವಳು ಕಪ್ಪಿನಲ್ಲೇ ಮಣ್ಣಾದಳು. ಅವಳ ಮಾತಿನ ಮೇಲೆ ಊರವರು ಕಲ್ಲು ಕೆತ್ತಿಸಿದರು. ಆ ಕಲ್ಲಿನ ಮುಂದೆ ನಿಂತು ಅವಳು ಸುಳ್ಳು ಹೇಳ್ತಾಳಾ?

ತಗೊಳ್ಳಿ ಪಾಸ್ಟರಮ್ಮ. ರೊಟ್ಟಿನೂ ಮುಟ್ಟಲಿಲ್ಲ ನೀವು.

...ಸ್ಟುಟ್‌ಗಾರ್ಟಿನ ದಾಖಲೆ ಕಚೇರಿಗೆ ಹೋಗಿದ್ರಾ? ಯಾವಾಗ?

ಹೂಂ. ನೀವು ಉತ್ತರದವರು, ಹ್ಯಾಂಬರ್ಗಿನ ಕಡೆಯವರು, ನಮ್ಮ ಕಡೆಯ ಲೆಕ್ಕ ನಿಮಗೇನು ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಸರಿ. ಪಾಟ್ಸ್‌ಡ್ಯಾಮಿನಲ್ಲಿ ಸುಟ್ಟಿದ್ದು ಪ್ರಶ್ಯದವರ ಕಾಗದ. ನಮ್ಮ ವುರ್ಟೆಂಬರ್ಗಿಗೆ ಬೇರೆ ರಾಜ, ಬೇರೆ ಲೆಕ್ಕ. ನಮ್ಮ ಅಧಿಕಾರಿಗಳ ಕಡತ ಸ್ಟುಟ್‌ಗಾರ್ಟಿನಲ್ಲೇ ಉಳೀತು... ಉಳಿದಿರಬಹುದು. ನನಗೆ ವಯಸ್ಸಾಯ್ತು, ಅಷ್ಟು ದೂರ ಯಾರು ಓಡಾಡ್ತಾರೆ? ಅಜ್ಜನ ಕಡತ ಅಲ್ಲಿದೆ ಅಂತ ಗೊತ್ತಿದ್ದಿದ್ದರೆ ಅವತ್ತೇ ಓಡಿ ಹೋಗ್ತಿದ್ದೆ.

ಯಾಕೆ ಹಾಗೆ ನೋಡ್ತೀರಿ? ದೇವರಾಣೆ... ಬೇಡ, ಆಣೆ ಇಡೋದಿಲ್ಲ.

ತೋರಿಸಿ ಅದನ್ನ. ಕನ್ನಡಕ ಎಲ್ಲಿಟ್ಟೆ... ಇದು ಅಜ್ಜನ ಕಡತದ ರಟ್ಟಿನ ಒಳಮೈಗೆ ಅಂಟಿಸಿರೋ ಚೀಟಿ. ಕಡತ ಬಿಚ್ಚಿದೋರೆಲ್ಲ ಹೆಸರು, ತಾರೀಖು ಬರೀಬೇಕು. ಅಲ್ಲಿನ ಪದ್ಧತಿ. ಇದರ ಪ್ರತಿಯನ್ನ ಯಾಕೆ ತಂದ್ರಿ? ಯಾರೂ ತರೋದಿಲ್ಲ ಇದನ್ನ.

...

ಬೆರಳಿಟ್ಟು ತೋರಿಸಬೇಕಾಗಿಲ್ಲ. ಅದು ನನ್ನದೇ ಹೆಸರು.

ಹೌದು. ಎಂಬತ್ತೇಳನೇ ಇಸವಿ, ಮಾರ್ಚ್ ಹನ್ನೆರಡು. ಅಕ್ಷರ ಆಗ ಗುಂಡಗಿತ್ತು ನೋಡಿ. ಕಡತದಲ್ಲಿದ್ದದ್ದು ಇಷ್ಟೇ: ಯುದ್ಧದ ನಡುವೆ ರಜೆಯಲ್ಲಿ ಬಂದ ಅಜ್ಜ ಕಾನ್‌ಸ್ಟನ್ಸ್ ಸರೋವರದಲ್ಲಿ ಮೀನಿನ ದೋಣಿ ಹತ್ತಿ ಸ್ವಿಟ್ಜರ್ಲೆಂಡಿಗೆ ಹೋದರು. ಹಿಂದಿರುಗಿ ಬರಲಿಲ್ಲ. ಪೊಲೀಸಿನವನು ಬಂದು ಅಜ್ಜಿಯನ್ನ ಕೇಳಿದ. ಅವಳು ಹೇಳಿದ ಮಾತೂ ಅದರಲ್ಲಿದೆ, ಓದಿರ್ತೀರಿ. 'ನನ್ನ ಪಾಲಿಗೆ ಅವರು ಸತ್ತರು.' ಕೆಳಗೆ ಅವಳ ರುಜು. ಸತ್ತರು ಅಂದಳು, ಊರು ಕಲ್ಲಿನ ಮೇಲೆ ಕೆತ್ತಿತು. ಅದರಲ್ಲಿ ಸುಳ್ಳು ಎಲ್ಲಿದೆ?

ಎಂಟನೇ ಆಜ್ಞೆ ನನಗೆ ಹೇಳಿಕೊಡಬೇಡಿ. ಸುಳ್ಳುಸಾಕ್ಷಿ ಹೇಳಬೇಡ. ಈ ಊರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದೋನು ನಾನು. ಪ್ರತಿ ನವೆಂಬರಿನಲ್ಲೂ ಆ ಹೆಸರು ಬಂದಾಗ ಓದು ತಡವರಿಸುತ್ತೆ. ಮುದುಕನಿಗೆ ದುಃಖ ಅಂತ ಜನ ಕಣ್ಣೊರೆಸಿಕೊಳ್ತಾರೆ.

ತಲೆ ತಗ್ಗಿಸೋದಿಲ್ಲ ನಾನು. ತಗೊಳ್ಳಿ, ಓದೋ ಪಟ್ಟಿ. ಚೀಟಿಯಲ್ಲಿ ನನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಬಿದ್ದಿದೆ, ನಿಮ್ಮದು. ಇಪ್ಪತ್ತೆಂಟು ವರ್ಷ ಇದು ಗೊತ್ತಿದ್ದೋನು ನಾನೊಬ್ಬನೇ. ಈಗ ಇಬ್ಬರು. ಈ ಭಾನುವಾರ ನೀವೇ ಓದಿ. ನಾನು ಹಿಂದಿನ ಬೆಂಚಿನಲ್ಲಿ ಕೂತಿರ್ತೇನೆ.

ಹದಿನಾರೋ, ಹದಿನೇಳೋ... ಎಣಿಸ್ತಾ ಇರ್ತೇನೆ.